ಚಳಿಗಾಲದ ವಿಮಾನ, ಕಿಟಕಿ ಪಕ್ಕದ ಸೀಟು

ಕೇಳುಗರಿಗೆ ನಮಸ್ಕಾರ. ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾಗಿದ್ದು 2023ರಲ್ಲಿ. ಅಲ್ಲಿಂದೀಚೆಗೆ ಬೆಂಗಳೂರಿನಿಂದ ಹಾರಿ ಬಂದವರು ಊರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ದಾರಿಯಲ್ಲಿ ಏನು ನೋಡಿದ್ರಿ ಅಂತ ಕೇಳಿ, ಟಿಕೆಟ್ ಎಷ್ಟಾಯಿತು ಅಂತ ಹೇಳುತ್ತಾರೆ! ಕಿಟಕಿ ಪಕ್ಕ ಕೂತೂ ನಿದ್ದೆ ಹೊಡೆದರೆ ಇನ್ನೇನು ಹೇಳೋದು, ಅಲ್ವಾ?

ಈ ದಾರಿಯಲ್ಲಿ ಓಡಾಡಿದ್ದು ಹೆಚ್ಚಾಗಿ ಎಟಿಆರ್ ಅನ್ನುವ, ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ. ಸದ್ದು ಜಾಸ್ತಿ ಅಂತ ಮೂಗು ಮುರಿಯುವವರಿದ್ದಾರೆ. ನನಗಂತೂ ಅದೇ ಇಷ್ಟ. ಅದರ ರೆಕ್ಕೆ ಕಿಟಕಿಗಿಂತ ಮೇಲಿರುತ್ತದೆ, ದೊಡ್ಡ ಜೆಟ್‌ಗಳಷ್ಟು ಎತ್ತರಕ್ಕೂ ಅದು ಹೋಗುವುದಿಲ್ಲ, ಹಾಗಾಗಿ ಕೆಳಗಿನ ಊರು ಕೇರಿ ಚೆನ್ನಾಗಿ ಕಾಣುತ್ತದೆ. ಕಾಲವೂ ಮುಖ್ಯ. ಮಳೆಗಾಲದಲ್ಲಿ ಬರೀ ಮೋಡ. ಬೇಸಿಗೆ ಹತ್ತಿರ ಬಂದರೆ ಧೂಳು, ಹೊಗೆ. ನೋಡಬೇಕಾದ್ದು ಡಿಸೆಂಬರ್, ಜನವರಿಯ ಬೆಳಿಗ್ಗೆ.

ತುಮಕೂರು ಕಡೆ ಕೆರೆಗಳು, ತೆಂಗಿನ ತೋಟಗಳು, ಕೊಯ್ದು ಖಾಲಿಯಾದ ಹೊಲ. ಮುಂದೆ ಹೋದ ಹಾಗೆ ಹಸಿರು ಒತ್ತಾಗುತ್ತದೆ. ಎಡಗಡೆ ಕೂತವರಿಗೆ ದೂರದಲ್ಲಿ ಬಾಬಾಬುಡನ್‌ಗಿರಿ ಸಾಲು, ಅದರಲ್ಲೇ 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ. ಆಮೇಲೆ ಲಕ್ಕವಳ್ಳಿಯ ಭದ್ರಾ ಜಲಾಶಯ, ನಡುನಡುವೆ ಗುಡ್ಡದ ತಲೆಗಳು ದ್ವೀಪವಾಗಿ ನಿಂತಿರುತ್ತವೆ.

ಆದರೆ ನಾನು ಹೇಳಬೇಕು ಅಂತಿದ್ದದ್ದು ಮಂಜಿನ ವಿಷಯ. ಮಂಜು ಬೀಳುತ್ತದೆ ಅಂತ ನಾವು ಹೇಳುತ್ತೇವಲ್ಲ, ಮೇಲಿಂದ ನೋಡಿದರೆ ಅದು ಬಿದ್ದ ಹಾಗೆ ಕಾಣುವುದೇ ಇಲ್ಲ, ತಗ್ಗಿನಿಂದ ತುಂಬಿಕೊಂಡು ಬಂದ ಹಾಗೆ ಕಾಣುತ್ತದೆ. ಮೋಡ ಇಲ್ಲದ ಚಳಿಗಾಲದ ರಾತ್ರಿ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ತಣ್ಣಗಾದ ಗಾಳಿ ಭಾರ, ಅದು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಬಿಟ್ಟ ಹಾಗೆ ಗುಡ್ಡದ ಮೈಯಿಂದ ಇಳಿದು ಕಣಿವೆಯಲ್ಲಿ ನಿಲ್ಲುತ್ತದೆ. ಅಲ್ಲಿ ಹೊಳೆ, ಹಳ್ಳ, ಅಡಕೆ ತೋಟ, ತೇವ ಇದ್ದೇ ಇರುತ್ತದೆ. ಎರಡೂ ಸೇರಿದರೆ ಮಂಜು. ಹಾಗಾಗಿ ಬೆಳಿಗ್ಗೆ ಮಂಜು ಎಲ್ಲಿ ಬೆಳ್ಳಗೆ ಉದ್ದಕ್ಕೆ ಮಲಗಿದೆಯೋ ಅಲ್ಲಿ ಕೆಳಗೆ ನೀರಿದೆ ಅಂತ ಬಹುಮಟ್ಟಿಗೆ ಹೇಳಬಹುದು. ಹೊಳೆ ಕಾಣದಿದ್ದರೂ ಅದರ ತಿರುವು ಕಾಣುತ್ತದೆ. ತೋಟದ ಬುಡದ ಮನೆಯವರು ಗುಡ್ಡದ ಮೇಲಿನ ಮನೆಯವರಿಗಿಂತ ಜಾಸ್ತಿ ನಡುಗುವುದೂ ಇದಕ್ಕೇ. ಸಾಮಾನ್ಯವಾಗಿ ಸಾವಿರ ಅಡಿ ಏರಿದರೆ ಸುಮಾರು 2 ಡಿಗ್ರಿ ತಂಪು, ಇಂಥ ಬೆಳಿಗ್ಗೆ ಮಾತ್ರ ನೆಲದ ಹತ್ತಿರ ಲೆಕ್ಕ ತಿರುಗಾಮುರುಗಾ. ಅಡಕೆ ಬೇಯಿಸುವ ಒಲೆಯ ಹೊಗೆ ನೋಡಿ, ಸ್ವಲ್ಪ ಮೇಲೆದ್ದು ಅಲ್ಲೇ ಅಡ್ಡಕ್ಕೆ ಹರಡಿಕೊಂಡಿರುತ್ತದೆ. ಮೇಲಿನ ಬೆಚ್ಚನೆ ಗಾಳಿ ಅದನ್ನು ಏರಲು ಬಿಡುವುದಿಲ್ಲ.

ಬಲಗಡೆ ಕೂತವರಿಗೆ ಏನೂ ಇಲ್ಲ ಅಂದುಕೊಳ್ಳಬೇಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ, ಬೆಳಿಗ್ಗೆ ಸ್ವಲ್ಪ ಹೊತ್ತೇರಿದ ಮೇಲೆ ವಿಮಾನದ ನೆರಳು ಬಲಗಡೆ ಮುಂದಕ್ಕೆ ಬೀಳುತ್ತದೆ. ಕೆಳಗೆ ಮಂಜು ಅಥವಾ ಮೋಡ ಇದ್ದರೆ ಆ ನೆರಳಿನ ಸುತ್ತ ಬಣ್ಣದ ಬಳೆ ಕಾಣಬಹುದು. ಸಣ್ಣ ನೀರಹನಿಗಳು ಬೆಳಕನ್ನು ಬಂದ ದಾರಿಗೇ ವಾಪಸು ಕಳಿಸುವುದರಿಂದ ಹೀಗಾಗುತ್ತದೆ. ಮಜಾ ಏನೆಂದರೆ, ಬಳೆಯ ನಡುಭಾಗ ನೀವು ಕೂತ ಜಾಗದ ನೆರಳಿನ ಮೇಲೇ ಇರುತ್ತದೆ. ಹಿಂದಿನ ಸೀಟಿನವರಿಗೆ ಅವರದೇ ಬೇರೆ ಬಳೆ!

ಒಂದು ತೊಂದರೆ ಇದೆ. ಇಷ್ಟು ಚೆಂದದ ಮಂಜು ರನ್‌ವೇ ಮೇಲೆ ಕೂತರೆ ವಿಮಾನ ಇಳಿಯುವಂತಿಲ್ಲ, ಬಿಸಿಲು ಬಂದು ಅದು ಕರಗುವ ತನಕ ಕಾಯಲೇಬೇಕು. ಚಳಿಗಾಲದ ಬೆಳಗಿನ ವಿಮಾನದಲ್ಲಿ ಹೊರಟವರು ಹತ್ತು ಗಂಟೆಗೇ ಮುಹೂರ್ತ ಅಂತ ಇಟ್ಟುಕೊಳ್ಳಬೇಡಿ. ಇನ್ನು ಫೋಟೋ ತೆಗೆಯುವವರು ಮೊಬೈಲನ್ನು ಗಾಜಿಗೆ ಒತ್ತಿ ಹಿಡಿಯಬೇಡಿ, ಪ್ರೊಪೆಲ್ಲರ್ ನಡುಕಕ್ಕೆ ಚಿತ್ರ ಅಲುಗಾಡುತ್ತದೆ. ಒಂದು ಬೆರಳಿನಷ್ಟು ಜಾಗ ಬಿಟ್ಟು ಹಿಡಿಯಿರಿ. ನಮಸ್ಕಾರ.