ಒಂದೇ ಹಾಡಿನೊಳಗೆ ಎರಡು ಹಾಡು

ಕೇಳಿದ್ರಲ್ಲ? ನಾಲ್ಕು ನಿಮಿಷ, ಮೇಲೆ ಚಿಲ್ಲರೆ ಸೆಕೆಂಡು. ಇಂಗ್ಲೆಂಡಿನ ಬೀಟಲ್ಸ್ ತಂಡದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’. 1967ರ ಫೆಬ್ರುವರಿಯಲ್ಲಿ ಬಂದ ಏಳಿಂಚಿನ ಪ್ಲೇಟಿನ ಒಂದು ಮಗ್ಗುಲು ಇದು, ಇನ್ನೊಂದು ಮಗ್ಗುಲಲ್ಲಿ ‘ಪೆನ್ನಿ ಲೇನ್’. ಈಗ ಕೇಳಿದ ಹಾಡಿನಲ್ಲಿ ಒಂದು ಕಡೆ ಹೊಲಿಗೆ ಇದೆ. ಬೇರೆ ಬೇರೆ ದಿನ ಹಾಡಿದ್ದನ್ನು ಕತ್ತರಿಸಿ ಅಂಟಿಸಿದ್ದಾರೆ. ಯಾರಿಗಾದರೂ ಗೊತ್ತಾಯಿತಾ? ಇಲ್ಲ ಅಲ್ವಾ. ನನಗೂ ಆಗಿರಲಿಲ್ಲ. ಎಷ್ಟೋ ವರ್ಷ ಕೇಳಿದ ಮೇಲೆ ಓದಿ ತಿಳಿದೆ, ಆಮೇಲೆ ಕಿವಿಗೆ ಬಿತ್ತು, ಈಗ ಬೇಡವೆಂದರೂ ಅಲ್ಲಿಗೆ ಬಂದ ತಕ್ಷಣ ಕಿವಿ ನೆಟ್ಟಗಾಗುತ್ತದೆ.

ಇವತ್ತು ನಾನು ಮಾತಾಡುವುದು ಮುಖ್ಯವಾಗಿ ಆ ಹೊಲಿಗೆ ಬಗ್ಗೆ. ಯಾಕೆಂದರೆ ಇಂಥ ಕನವರಿಕೆಯಂಥ ಹಾಡುಗಳಿಗೆ ಸೈಕೆಡೆಲಿಕ್ ಸಂಗೀತ ಅನ್ನುತ್ತಾರೆ, ಹಾಗಂದ ಕೂಡಲೇ ನಮ್ಮವರು ಕಣ್ಣು ಹೊಡೆದು ‘ಏನೋ ಸೇದಿ ಮಾಡಿದ್ದು ಬಿಡಿ’ ಅನ್ನುತ್ತಾರೆ. ಇದನ್ನು ಬರೆದು ಹಾಡಿದ ಜಾನ್ ಲೆನ್ನನ್ ಆ ಕಾಲದಲ್ಲಿ ಎಲ್‌ಎಸ್‌ಡಿ ಅನ್ನುವ ನಶೆ ಪದಾರ್ಥ ತೆಗೆದುಕೊಳ್ಳುತ್ತಿದ್ದ, ಅದನ್ನು ಅವನೇ ಬಾಯಿಬಿಟ್ಟು ಹೇಳಿದ್ದಾನೆ, ಸರಿ. ಆದರೆ ಎಲ್‌ಎಸ್‌ಡಿಗೆ ಕತ್ತರಿ ಹಿಡಿಯಲು ಬರುವುದಿಲ್ಲ.

ಕಥೆ 1966ರಿಂದ ಶುರು. ಆಗಸ್ಟ್ 29ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಿದ್ದೇ ಕೊನೆ, ಆಮೇಲೆ ಬೀಟಲ್ಸ್ ಊರೂರು ತಿರುಗಿ ಕಾರ್ಯಕ್ರಮ ಕೊಡುವುದನ್ನು ನಿಲ್ಲಿಸಿದರು. ನಾಲ್ಕು ಜನ ನಾಲ್ಕು ದಿಕ್ಕು. ಜಾರ್ಜ್ ಹ್ಯಾರಿಸನ್ ರವಿಶಂಕರ್ ಹತ್ತಿರ ಸಿತಾರ್ ಕಲಿಯಲು ಭಾರತಕ್ಕೆ ಬಂದ. ಲೆನ್ನನ್ ಒಂದು ಸಿನಿಮಾದಲ್ಲಿ ಸಿಪಾಯಿ ಪಾತ್ರಕ್ಕೆ ಅಂತ ಕೂದಲು ಕತ್ತರಿಸಿಕೊಂಡು ಸ್ಪೇನಿನ ಅಲ್ಮೇರಿಯಾಗೆ ಹೋದ. ಸಿನಿಮಾ ಶೂಟಿಂಗ್ ಅಂದರೆ ಗೊತ್ತಲ್ಲ, ಹತ್ತು ನಿಮಿಷ ಕೆಲಸ, ಉಳಿದ ಹೊತ್ತು ಸುಮ್ನೆ ಕೂರುವುದು. ಹಾಗೆ ಕೂತಲ್ಲೇ ಗಿಟಾರ್ ಹಿಡಿದು ಬರೆಯಲು ಶುರು ಮಾಡಿದ ಹಾಡು ಇದು. ಅವನಿಗೆ ಆಗ ಇಪ್ಪತ್ತಾರು ವರ್ಷ. ನೆನಪಾದದ್ದು ಯಾವ ಲೋಕದ ಬಣ್ಣವೂ ಅಲ್ಲ, ಮನೆ ಹತ್ತಿರದ ಒಂದು ತೋಟ.

ಹೌದು, ಸ್ಟ್ರಾಬೆರಿ ಫೀಲ್ಡ್ ಅನ್ನುವುದು ನಿಜವಾದ ಜಾಗ. ಲಿವರ್‌ಪೂಲಿನ ವುಲ್ಟನ್‌ನಲ್ಲಿ ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಯವರು ನಡೆಸುತ್ತಿದ್ದ ಮಕ್ಕಳ ಆಶ್ರಮ. ಪುಟ್ಟ ಜಾನ್ ಮಿಮಿ ದೊಡ್ಡಮ್ಮನ ಮನೆಯಲ್ಲಿ ಬೆಳೆದ, ಆ ಮನೆಯಿಂದ ಆಶ್ರಮ ನಡೆದು ಹೋಗುವಷ್ಟು ಹತ್ತಿರ. ಬೇಸಿಗೆಯಲ್ಲಿ ಅಲ್ಲಿ ಒಂದು ಹಬ್ಬ ಆಗುತ್ತಿತ್ತು, ಬ್ಯಾಂಡ್ ಸೆಟ್ಟಿನ ಸದ್ದು ಕೇಳಿದರೆ ಹುಡುಗ ದೊಡ್ಡಮ್ಮನನ್ನು ಎಳೆದುಕೊಂಡು ಓಡುತ್ತಿದ್ದ. ಅಪ್ಪ ಹಡಗಿನ ಕೆಲಸದವನು, ಜೊತೆಗಿರಲಿಲ್ಲ. ಅಮ್ಮ ಜೂಲಿಯಾ ಅದೇ ಊರಲ್ಲಿದ್ದರೂ ಬೇರೆ ಸಂಸಾರ, ಮಗನಿಗೆ ಹದಿನೇಳಾದಾಗ ಕಾರು ಬಡಿದು ತೀರಿಕೊಂಡಳು. ಇಂಥ ಹುಡುಗನಿಗೆ ಅನಾಥ ಮಕ್ಕಳ ಆಶ್ರಮದ ತೋಟ ಇಷ್ಟವಾಗಿತ್ತು. ಇದರ ಮೇಲೆ ನಾನು ಇನ್ನೇನೂ ಹೇಳುವುದಿಲ್ಲ.

ನವೆಂಬರ್ 24ಕ್ಕೆ ಲಂಡನ್ನಿನ ಆಬಿ ರೋಡ್‌ನಲ್ಲಿದ್ದ ಇಎಂಐ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಶುರುವಾಯಿತು. ಇದೇ ಜನ 1963ರಲ್ಲಿ ಮೊದಲ ಎಲ್‌ಪಿಗೆ (ಹಲವು ಹಾಡಿನ ದೊಡ್ಡ ಪ್ಲೇಟು) ಒಂದೇ ದಿನದಲ್ಲಿ ಹತ್ತು ಹಾಡು ಮುಗಿಸಿದ್ದರು. ಈ ಒಂದು ಹಾಡು ಮುಗಿಯುವ ಹೊತ್ತಿಗೆ ಡಿಸೆಂಬರ್ 22 ಆಗಿತ್ತು.

ಶುರುವಿನಲ್ಲಿ ಕೊಳಲಿನಂತೆ ಕೇಳಿತಲ್ಲ, ಅದು ಕೊಳಲಲ್ಲ, ಮೆಲೋಟ್ರಾನ್. ನೋಡಲು ಹಾರ್ಮೋನಿಯಂನ ದೊಡ್ಡಪ್ಪ. ಒಂದೊಂದು ಮನೆಯ ಕೆಳಗೂ ಒಂದೊಂದು ತುಂಡು ಟೇಪು, ಅದರಲ್ಲಿ ಯಾರೋ ಮೊದಲೇ ಊದಿ ಇಟ್ಟ ಕೊಳಲಿನ ಸ್ವರ. ಮನೆ ಒತ್ತಿದರೆ ಟೇಪು ಓಡುತ್ತದೆ, ಸುಮಾರು ಎಂಟು ಸೆಕೆಂಡಿಗೆ ಮುಗಿದುಹೋಗುತ್ತದೆ. ಅದಕ್ಕೇ ಆ ಸದ್ದು ಒಂದು ತರಹ ನಡುಗುತ್ತದೆ, ಹಳೆಯ ನೆನಪಿನಂತೆ. ನುಡಿಸಿದ್ದು ಪಾಲ್ ಮೆಕಾರ್ಟ್ನಿ.

ಮೊದಲ ಸುತ್ತಿನಲ್ಲಿ ಹಾಡು ಮೆತ್ತಗೆ ಬಂತು. ಲೆನ್ನನ್‌ಗೆ ಸಮಾಧಾನವಾಗಲಿಲ್ಲ, ಬೇರೆ ತರಹ ಮಾಡೋಣ ಅಂದ. ನಿರ್ಮಾಪಕ ಜಾರ್ಜ್ ಮಾರ್ಟಿನ್ ನಾಲ್ಕು ಟ್ರಂಪೆಟ್, ಮೂರು ಚೆಲೊ (ಪಿಟೀಲಿನ ದೊಡ್ಡಣ್ಣ) ಸೇರಿಸಿ ಸ್ವರ ಬರೆದುಕೊಟ್ಟರು. ರಿಂಗೋ ಡ್ರಮ್ಸ್ ಬಾರಿಸಿದ, ತಾಳದ ತಟ್ಟೆಯ ಸದ್ದನ್ನು ತಿರುಗುಮುರುಗಾಗಿ ಓಡಿಸಿದರು. ಹ್ಯಾರಿಸನ್ ನಮ್ಮ ಸ್ವರಮಂಡಲ ತಂದು ಬೆರಳಾಡಿಸಿದ. ಧಾರವಾಡದ ಕಡೆ ಹಿಂದೂಸ್ತಾನಿ ಕಚೇರಿ ಕೇಳಿದವರಿಗೆ ಅದರ ಝಲ್ ಅನ್ನುವ ಸದ್ದು ತಕ್ಷಣ ಸಿಗುತ್ತದೆ, ಇನ್ನೊಮ್ಮೆ ಹಾಕಿದಾಗ ಗಮನಿಸಿ. ಇದು ಜೋರಾದ, ಭಾರವಾದ ಹಾಡು.

ಈಗ ಬಂತು ತೊಂದರೆ. ಲೆನ್ನನ್ ಮಾರ್ಟಿನ್ ಹತ್ತಿರ ಬಂದು, ಮೊದಲನೆಯದರ ಆರಂಭ ಚೆನ್ನಾಗಿದೆ, ಎರಡನೆಯದರ ಉಳಿದ ಭಾಗ ಚೆನ್ನಾಗಿದೆ, ಎರಡನ್ನೂ ಸೇರಿಸಿಬಿಡಿ ಅಂದ. ಮಾರ್ಟಿನ್ ಹೇಳಿದರು, ಎರಡರ ಶ್ರುತಿಯೂ ಬೇರೆ, ಗತಿಯೂ ಬೇರೆ. ಅದೇನೋ ನೀವು ಸರಿ ಮಾಡ್ತೀರಿ ಬಿಡಿ ಅನ್ನುವ ಹಾಗೆ ಹೇಳಿ ಇವನು ಹೊರಟುಹೋದ. (ಮನೆ ಕಟ್ಟಿಸುವ ಯಜಮಾನರು ಗಾರೆ ಕೆಲಸದವರಿಗೆ ಹೇಳುವ ಹಾಗೆಯೇ.)

ನಮ್ಮ ಲೆಕ್ಕದಲ್ಲಿ ಯೋಚಿಸಿ. ಒಬ್ಬ ಭಾಗವತರು ಒಂದು ಪದವನ್ನು ಒಮ್ಮೆ ಕಪ್ಪು ಒಂದರಲ್ಲಿ, ಇನ್ನೊಮ್ಮೆ ಕಪ್ಪು ಎರಡರಲ್ಲಿ ಬೇರೆ ವೇಗದಲ್ಲಿ ಹಾಡಿದ್ದಾರೆ, ಎರಡನ್ನೂ ನಡುವೆ ಕತ್ತರಿಸಿ ಜೋಡಿಸಬೇಕು. ಇವತ್ತಾದರೆ ಕಂಪ್ಯೂಟರ್ ಶ್ರುತಿಯನ್ನು ಒಂದು ಕಡೆ, ವೇಗವನ್ನು ಒಂದು ಕಡೆ ತಿದ್ದುತ್ತದೆ. ಟೇಪಿನಲ್ಲಿ ಹಾಗಾಗದು. ಟೇಪ್ ರೆಕಾರ್ಡರಿನ ಸೆಲ್ಲು ವೀಕಾದಾಗ ಏನಾಗುತ್ತಿತ್ತು ನೆನಪಿದೆಯಾ? ಹಾಡು ನಿಧಾನವಾಗುವುದರ ಜೊತೆಗೆ ಗಾಯಕಿಯ ಗಂಟಲೂ ಗಂಡಸಿನ ಗಂಟಲಾಗುತ್ತಿತ್ತು. ವೇಗ ಇಳಿದರೆ ಶ್ರುತಿಯೂ ಇಳಿಯಲೇಬೇಕು. ಇಲ್ಲಿ ಅದೃಷ್ಟ ಚೆನ್ನಾಗಿತ್ತು. ಯಾವುದು ಮೇಲಿನ ಶ್ರುತಿಯಲ್ಲಿತ್ತೋ ಅದೇ ವೇಗವಾಗಿಯೂ ಇತ್ತು! ಹಾಗಾಗಿ ಮೊದಲನೆಯದನ್ನು ಒಂಚೂರು ಜೋರಾಗಿ ಓಡಿಸಿ, ಎರಡನೆಯದನ್ನು ನಿಧಾನ ಮಾಡಿದರೆ ಎರಡೂ ಒಂದೇ ಕಡೆ ಬಂದು ಕೂತವು. ಎಂಜಿನಿಯರ್ ಜೆಫ್ ಎಮೆರಿಕ್‌ಗೆ ಆಗಷ್ಟೇ ಇಪ್ಪತ್ತೊಂದು ತುಂಬಿತ್ತು. ಆ ಹುಡುಗ ಟೇಪನ್ನು ನೇರವಾಗಿ ಕತ್ತರಿಸದೆ ಉದ್ದಕ್ಕೆ ಓರೆಯಾಗಿ ಕತ್ತರಿಸಿ ಅಂಟಿಸಿದ, ಒಂದು ಸದ್ದು ಇನ್ನೊಂದರೊಳಗೆ ಜಾರಲಿ ಅಂತ. ಜಾಗ ಹೇಳಿಬಿಡುತ್ತೇನೆ. ಸರಿಯಾಗಿ ಒಂದು ನಿಮಿಷಕ್ಕೆ.

ಅಲ್ಲಿಂದ ಮುಂದೆ ಲೆನ್ನನ್ ಗಂಟಲು ದಪ್ಪವಾಗುತ್ತದೆ, ಮಾತು ನೀರಿನೊಳಗಿಂದ ಬಂದಂತೆ ಎಳೆಯುತ್ತದೆ. ಕೇಳಿದವರೆಲ್ಲ ನಶೆ ಅಂದುಕೊಂಡದ್ದು ಇದನ್ನೇ! ಶ್ರುತಿ ಕೂಡಿಸಲು ಮಾಡಿದ ರಿಪೇರಿ ಕೆಲಸ ಅದು. ನನಗಂತೂ ಇಡೀ ಹಾಡಿನಲ್ಲಿ ಇದಕ್ಕಿಂತ ಇಷ್ಟವಾದ ಸಂಗತಿ ಬೇರೆ ಇಲ್ಲ.

ಇಷ್ಟೆಲ್ಲ ಆಗಿ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಈ ಪ್ಲೇಟು ಎರಡನೇ ಸ್ಥಾನಕ್ಕೆ ನಿಂತಿತು. ಮೊದಲ ಸ್ಥಾನ ಬಿಡದೆ ಕೂತದ್ದು ಎಂಗಲ್‌ಬರ್ಟ್ ಹಂಪರ್‌ಡಿಂಕ್ ಹಾಡಿದ ‘ರಿಲೀಸ್ ಮಿ’. ಆ ಪುಣ್ಯಾತ್ಮ ಹುಟ್ಟಿದ್ದು 1936ರಲ್ಲಿ, ನಮ್ಮ ಪಕ್ಕದ ಮದ್ರಾಸಿನಲ್ಲಿ. ಅಮೆರಿಕದಲ್ಲಿ ‘ಪೆನ್ನಿ ಲೇನ್’ ಒಂದನೇ ಸ್ಥಾನಕ್ಕೆ ಹೋಯಿತು, ಇದು ಎಂಟಕ್ಕೆ. ಸಿಂಗಲ್ ಆಗಿ, ಅಂದರೆ ಇಂಥ ಚಿಕ್ಕ ಪ್ಲೇಟಿನಲ್ಲಿ ಬಂದದ್ದನ್ನು ಮತ್ತೆ ಎಲ್‌ಪಿಯಲ್ಲಿ ಹಾಕಬಾರದು ಅನ್ನುವ ಲೆಕ್ಕದಲ್ಲಿ, ಆ ವರ್ಷದ ಎಲ್‌ಪಿ ‘ಸಾರ್ಜೆಂಟ್ ಪೆಪ್ಪರ್’ನಿಂದ ಎರಡನ್ನೂ ಕೈಬಿಟ್ಟರು. ಅದು ತನ್ನ ದೊಡ್ಡ ತಪ್ಪು ಅಂತ ಮಾರ್ಟಿನ್ ಕೊನೆಯವರೆಗೂ ಪೇಚಾಡಿದರು.

ಸರಿ, ಮತ್ತೊಮ್ಮೆ ಹಾಕುತ್ತೇನೆ. ಹಾಡಿನ ಬಾಲದಲ್ಲಿ ಲೆನ್ನನ್ ಏನೋ ಗೊಣಗುತ್ತಾನೆ. 1969ರಲ್ಲಿ ಕೆಲವರಿಗೆ ಅದು ‘ಪಾಲ್‌ನನ್ನು ಹೂತೆ’ ಅಂತ ಕೇಳಿ, ಮೆಕಾರ್ಟ್ನಿ ಸತ್ತೇಹೋಗಿದ್ದಾನೆ ಅನ್ನುವ ಗಾಳಿಸುದ್ದಿಗೆ ಅದನ್ನೂ ಸೇರಿಸಿದರು. ಅವನು ಅಂದದ್ದು ‘ಕ್ರ್ಯಾನ್‌ಬೆರಿ ಸಾಸ್’. ಅದು ಕೇಳಬೇಕೆಂದರೆ ಕೊನೆಯಲ್ಲಿ ಸದ್ದು ಪೂರ್ತಿ ಅಡಗಿತು ಅಂತ ಚಪ್ಪಾಳೆ ತಟ್ಟಿ ಏಳಬೇಡಿ. ಮತ್ತೆ ವಾಪಸ್ ಬರುತ್ತದೆ.