ಹುಲ್ಲುಹಾಸಿನ ಹಾವಸೆ ಬೇಸಿಗೆಯಲ್ಲಿ ಸಾಯುವುದೇ ಇಲ್ಲ!

ನಮಸ್ಕಾರ. ತೀರ್ಥಹಳ್ಳಿಯ ಕಡೆಯ ವೀಕ್ಷಕರೊಬ್ಬರು ತಮ್ಮ ಮನೆಯ ಮುಂದಿನ ಹುಲ್ಲುಹಾಸಿನ ಚಿತ್ರ ಕಳುಹಿಸಿ, "ಬೇಸಿಗೆಯಲ್ಲಿ ನೀರು ನಿಲ್ಲಿಸಿ ಹಾವಸೆಯನ್ನು ಪೂರ್ತಿ ಒಣಗಿಸುತ್ತೇನೆ, ಆದರೂ ಮೊದಲ ಮಳೆಗೇ ಅದು ಎಲ್ಲಿಂದ ಹುಟ್ಟಿ ಬರುತ್ತದೆ?" ಎಂದು ಕೇಳಿದ್ದಾರೆ. ಅದು ಹೊಸದಾಗಿ ಹುಟ್ಟಿ ಬರುತ್ತಿಲ್ಲ. ಅದು ಸತ್ತಿರಲೇ ಇಲ್ಲ.

(ದೃಶ್ಯ: ತಟ್ಟೆಯಲ್ಲಿ ಒಣಗಿದ ಹಾವಸೆ, ಮೇಲೆ ಒಂದು ಚಮಚ ನೀರು)

ಇದು ಏಪ್ರಿಲ್ ತಿಂಗಳಿನಲ್ಲಿ ಬಾವಿಕಟ್ಟೆಯಿಂದ ಕೆರೆದು ತೆಗೆದ ಹಾವಸೆ. ಮುಟ್ಟಿದರೆ ಪುಡಿಯಾಗುವಂತಿದ್ದ ಇದರ ಎಲೆಗಳು ನೀರು ಬಿದ್ದ ಕೆಲವೇ ನಿಮಿಷಗಳಲ್ಲಿ ಬಿಚ್ಚಿಕೊಂಡು ಹಸುರಾಗುವುದನ್ನು ನೋಡಿ. ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ, ಆದರೂ ಪ್ರತಿ ಸಲವೂ ಬೆರಗಾಗುತ್ತದೆ. ಹಾವಸೆಗೆ ನಿಜವಾದ ಬೇರಿಲ್ಲ, ನೆಲವನ್ನು ಹಿಡಿದುಕೊಳ್ಳಲು ಕೂದಲಿನಂಥ ಎಳೆಗಳಿವೆ, ಅಷ್ಟೆ. ಬಹುತೇಕ ಜಾತಿಗಳಲ್ಲಿ ಎಲೆಯ ದಪ್ಪ ಒಂದೇ ಒಂದು ಜೀವಕೋಶದಷ್ಟಿರುವುದರಿಂದ ಅದು ಮೈಯಿಂದಲೇ ನೀರು ಕುಡಿಯುತ್ತದೆ, ನೀರಿಲ್ಲದಾಗ ಉಸಿರಾಟವನ್ನೇ ಬಹುಪಾಲು ನಿಲ್ಲಿಸಿ ಕಾಯುತ್ತದೆ. ಹುಲ್ಲು ಬಾವಿ ತೋಡಿಕೊಂಡ ಮನೆಯಾದರೆ, ಹಾವಸೆ ಸೂರಿನ ನೀರಿಗೆ ಪಾತ್ರೆಯಿಟ್ಟು ಕುಳಿತ ಮನೆ. ಅದರ ಗಂಡು ಕಣಗಳು ಹೆಣ್ಣು ಕಣವನ್ನು ತಲುಪುವುದೂ ನೀರಿನ ತೆಳು ಪದರದಲ್ಲಿ ಈಜಿಕೊಂಡೇ. ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆಯಾಗುವ ಆಗುಂಬೆಯ ಸೀಮೆ ಅದಕ್ಕೆ ಎಷ್ಟು ಹಿತವೆಂಬುದನ್ನು ನೀವೇ ಊಹಿಸಬಹುದು.

ಬೇರೇ ಇಲ್ಲದ ಈ ಗಿಡ ಹುಲ್ಲಿನ ಬೇರಿನಿಂದ ಏನನ್ನೂ ಕಸಿಯಲಾರದು. ಹುಲ್ಲು ಸೊರಗಿ ತೆರವಾದ ಜಾಗದಲ್ಲಿ ಅದು ಬಂದು ಕುಳಿತಿದೆ. ಆದ್ದರಿಂದ ನಾವು ಹುಡುಕಬೇಕಾದದ್ದು ಹುಲ್ಲು ಸೊರಗಿದ ಕಾರಣವನ್ನು. ನಮ್ಮ ಅಂಗಳಗಳಲ್ಲಿ ಅದು ಸಾಮಾನ್ಯವಾಗಿ ಹಲಸು ಮಾವುಗಳ ನೆರಳು, ವಾಹನ ನಿಲ್ಲಿಸಿ ಗಟ್ಟಿಯಾದ ಜಂಬಿಟ್ಟಿಗೆ ಮಣ್ಣು, ಬಸಿದು ಹೋಗಲು ದಾರಿಯಿಲ್ಲದ ನೀರು ಮತ್ತು ಸುಣ್ಣದಂಶ ತೊಳೆದುಹೋಗಿ ಹುಳಿಯಾದ ನೆಲ.

ಇಲ್ಲಿ ಒಂದು ಕಳಕಳಿಯ ಮಾತು. ಅಡಿಕೆಯ ಕೊಳೆರೋಗಕ್ಕೆಂದು ಮೈಲುತುತ್ತ, ಸುಣ್ಣ ಸೇರಿಸಿ ಕಲಸಿದ ಬೋರ್ಡೋ ದ್ರಾವಣ ಮಿಕ್ಕಿದೆಯೆಂದು ಅದನ್ನು ಹುಲ್ಲುಹಾಸಿಗೆ ಸುರಿಯಬೇಡಿ. ಮೈಲುತುತ್ತದಲ್ಲಿರುವ ತಾಮ್ರ ಹಾವಸೆಯನ್ನು ಸುಡುತ್ತದೆ ನಿಜ, ಆದರೆ ಅದು ಮಣ್ಣಿನಲ್ಲೇ ಉಳಿದು, ನೆಲವನ್ನು ಸಡಿಲಗೊಳಿಸುವ ಎರೆಹುಳುಗಳಿಗೆ ಕಂಟಕವಾಗುತ್ತದೆ. ಅನ್ನಭೇದಿಯನ್ನು, ಅಂದರೆ ಕಬ್ಬಿಣದ ಸಲ್ಫೇಟನ್ನು, ನೀರಿನಲ್ಲಿ ಕರಗಿಸಿ ಚಿಮುಕಿಸಿದರೂ ಹಾವಸೆ ಕಪ್ಪಾಗುತ್ತದೆ. ಆದರೆ ಕಾರಣ ಹಾಗೆಯೇ ಉಳಿದಿರುವುದರಿಂದ ಮುಂದಿನ ಮಳೆಗಾಲಕ್ಕೆ ಅದು ಮರಳಿ ಬರುತ್ತದೆ.

ಸಮಯ ಕಡಿಮೆಯಿದೆ, ಮಾಡಬೇಕಾದ ಕೆಲಸಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಮೇ ತಿಂಗಳೊಳಗೆ ತಗ್ಗಿನ ಅಂಚಿನಲ್ಲಿ, ಅಡಿಕೆ ತೋಟದಲ್ಲಿ ತೆಗೆಯುವಂತೆಯೇ, ಬಸಿಗಾಲುವೆ ತೆಗೆದು, ಮರಗಳ ಕೆಳಗೊಂಬೆಗಳನ್ನು ಸವರಿಸಿ. ಅಕ್ಟೋಬರಿನಲ್ಲಿ ಮಳೆ ಇಳಿದು ಬಿಸಿಲು ಮರಳಿದಾಗ, ನೆಲ ಇನ್ನೂ ಹಸಿಯಾಗಿರುವಾಗಲೇ ಹಾವಸೆಯನ್ನು ಕೆರೆದು ತೆಗೆಯಿರಿ. ಹಾರೆಯಿಂದ ಗೇಣಿಗೊಂದರಂತೆ ನಾಲ್ಕಂಗುಲ ಆಳದ ತೂತು ಮಾಡಿ, ದಪ್ಪ ಮರಳು ಮತ್ತು ಪುಡಿಗೊಬ್ಬರದ ಮಿಶ್ರಣ ತುಂಬಿ, ಬೋಳಾದಲ್ಲಿ ಹುಲ್ಲಿನ ತುಂಡುಗಳನ್ನು ನೆಡಿ. ಸುಣ್ಣವನ್ನು ಮಣ್ಣು ಪರೀಕ್ಷೆಯಾದ ಮೇಲಷ್ಟೇ ಹಾಕಿ. ಕಳೆಗಳಲ್ಲಿ ಮುಟ್ಟಿದರೆ ಮುನಿಯನ್ನು ಬೀಜ ಕಟ್ಟುವ ಮೊದಲೇ ಕೀಳಿ, ಕೊನ್ನಾರಿಯನ್ನು ಗಡ್ಡೆಸಮೇತ ಅಗೆದು ತೆಗೆಯಿರಿ. ಒಂದೆಲಗ ಸಿಕ್ಕಿದರೆ ಮಾತ್ರ ಎಸೆಯದೆ ಬಚ್ಚಲ ನೀರು ಹರಿಯದ ತಂಪು ಮೂಲೆಗೆ ನೆಟ್ಟುಕೊಳ್ಳಿ, ತಂಬುಳಿಗಾಗುತ್ತದೆ. ಹುಲ್ಲನ್ನು ಒಂದೂವರೆ ಅಂಗುಲಕ್ಕಿಂತ ಗಿಡ್ಡವಾಗಿ ಕತ್ತರಿಸಬೇಡಿ.

ಇನ್ನು, ನಿಮ್ಮ ಚಿತ್ರದಲ್ಲಿರುವ ಆ ಹಲಸಿನ ಮರದ ಬುಡಕ್ಕೆ ದಿನದಲ್ಲಿ ಎರಡು ಗಂಟೆಯ ಬಿಸಿಲೂ ಬೀಳುವಂತೆ ಕಾಣುವುದಿಲ್ಲ. ಅಷ್ಟು ಜಾಗದಲ್ಲಿ ಹುಲ್ಲು ನೆಡುವ ಪ್ರಯತ್ನ ಬಿಟ್ಟು, ಹಾವಸೆಯನ್ನೇ ಹಾಗೆಯೇ ಇರಗೊಡಿ.