ಹುಳುವೋ, ಕಡಲೆಬೀಜವೋ?

ಕೇಳುಗರೇ, ನಮಸ್ಕಾರ.

ನಮ್ಮ ಹಿತ್ತಲ ಗೋಡೆಯ ಮೇಲೆ ದಿನಾ ಬೆಳಿಗ್ಗೆ ಏಳಕ್ಕೆ ಒಂದು ಹಿಡಿ ಅನ್ನ ಇಡುತ್ತೇನೆ. ಬಲರೆಕ್ಕೆಯಲ್ಲಿ ಒಂದು ಗರಿ ಮುರಿದ ಕಾಗೆಯೊಂದು ತಪ್ಪದೆ ಬರುತ್ತದೆ. ಹೋದ ತಿಂಗಳು ನಾಲ್ಕು ದಿನ ನಾನು ಊರಲ್ಲಿರಲಿಲ್ಲ. ವಾಪಸ್ ಬಂದು ಅನ್ನ ಇಟ್ಟರೆ ಕಾಗೆಯ ಸುಳಿವೇ ಇಲ್ಲ. ಮಧ್ಯಾಹ್ನ ಬಂತು. ಅಷ್ಟರಲ್ಲಿ ಅಗುಳು ಒಣಗಿ ಗೋಡೆಗೆ ಅಂಟಿತ್ತು. ಅದನ್ನೇ ಕೆರೆದು ತಿಂದಿತು. ಮಾರನೇ ದಿನ ಏಳಕ್ಕೇ ಹಾಜರ್! ನಾಲ್ಕು ದಿನ ಬರಿಗೋಡೆ ನೋಡಿ ಬೇರೆ ಕಡೆ ಹೋಗಿದ್ದ ಹಕ್ಕಿ, ಒಂದೇ ಊಟಕ್ಕೆ ಮನಸ್ಸು ಬದಲಾಯಿಸಿತೇನೋ ಅನ್ನಿಸಿತು.

ಅನ್ನಿಸಿದರೆ ಸಾಲದು, ಅಲ್ವಾ? ಇದನ್ನು ಪರೀಕ್ಷೆ ಮಾಡಿಯೇ ನೋಡಿದವರಿದ್ದಾರೆ.

ಅಮೆರಿಕದಲ್ಲಿ ಲಿಂಕನ್ ಬ್ರೋವರ್ ಎಂಬ ವಿಜ್ಞಾನಿ ನೀಲಿ ಜೇ ಹಕ್ಕಿಗಳಿಗೆ ಮೊನಾರ್ಕ್ ಚಿಟ್ಟೆ ತಿನ್ನಿಸಿದರು. ಈ ಚಿಟ್ಟೆಯ ಮರಿಹುಳು ನಮ್ಮ ಎಕ್ಕದ ಬಳಗದ ಗಿಡ ತಿಂದು ಬೆಳೆಯುತ್ತದೆ. ಅದರ ವಿಷ ಚಿಟ್ಟೆಯ ಮೈಯಲ್ಲೇ ಉಳಿಯುತ್ತದೆ. ತಿಂದ ಹಕ್ಕಿ ಸ್ವಲ್ಪ ಹೊತ್ತಿಗೆ ವಾಂತಿ ಮಾಡಿತು. ಆಮೇಲೆ ಅದೇ ಚಿಟ್ಟೆ ಕಂಡರೂ ಕೊಕ್ಕು ಹಾಕಲಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದದ್ದು ಇನ್ನೊಂದು ಪ್ರಯೋಗ. ನಿಕೋಲಾ ಕ್ಲೇಟನ್ ಮತ್ತು ಆಂಥೊನಿ ಡಿಕಿನ್ಸನ್ ಎಂಬ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ್ದು. ಅವರ ಹಕ್ಕಿ ಸ್ಕ್ರಬ್ ಜೇ, ಕಾಗೆಯ ನೆಂಟ. ಸಿಕ್ಕಿದ್ದನ್ನು ಬಚ್ಚಿಟ್ಟು ಆಮೇಲೆ ತೆಗೆದು ತಿನ್ನುವ ಜಾಣ.

ಐಸ್ ಟ್ರೇಗೆ ಮರಳು ತುಂಬಿದರು. ಗುರುತು ಸಿಗಲಿ ಅಂತ ಪಕ್ಕದಲ್ಲಿ ಮಕ್ಕಳಾಟದ ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿದರು. ಹಕ್ಕಿಗಳು ಒಂದು ಕಡೆ ಕಡಲೆಬೀಜ ಹೂತವು, ಇನ್ನೊಂದು ಕಡೆ ಮೇಣದ ಹುಳು, ಅಂದರೆ ಜೇನುಗೂಡಿನ ಮೇಣ ತಿನ್ನುವ ಪತಂಗದ ಮರಿಹುಳು. ಹುಳು ಅಂದರೆ ಅವಕ್ಕೆ ಪ್ರಾಣ. ಆದರೆ ಹುಳು ಬೇಗ ಕೊಳೆಯುತ್ತದೆ, ಕಡಲೆಬೀಜ ಕೆಡುವುದಿಲ್ಲ. ತರಬೇತಿಯಲ್ಲೇ ಅವು ಇದನ್ನು ಕಂಡುಕೊಂಡಿದ್ದವು.

ಹೂತು 4 ಗಂಟೆ ಆಗಿದ್ದಾಗ ಬಿಟ್ಟರೆ ನೇರ ಹುಳುವಿನ ಕಡೆ ಹೋದವು. ಹುಳು ಹೂತು 124 ಗಂಟೆ, ಅಂದರೆ ಐದು ದಿನದ ಮೇಲಾಗಿದ್ದರೆ, ಹುಳು ಬಿಟ್ಟು ಕಡಲೆಬೀಜ ಹುಡುಕಿದವು. ವಾಸನೆ ಹಿಡಿದಿರಬಹುದು ಅಂತೀರಾ? ಪರೀಕ್ಷೆಗೆ ಮೊದಲು ಹುಳು, ಬೀಜ ಎಲ್ಲ ತೆಗೆದು, ಹೊಸ ಮರಳು ತುಂಬಿದ್ದರು. ಮೂಸಲು ಅಲ್ಲಿ ಏನೂ ಇರಲಿಲ್ಲ. ಎಲ್ಲಿ, ಏನು, ಯಾವಾಗ ಹೂತೆ ಎಂಬ ನೆನಪು ಮಾತ್ರ ಇತ್ತು.

ಇನ್ನೊಂದು ಗುಂಪು ಹಕ್ಕಿಗಳಿದ್ದವು. ತರಬೇತಿಯಲ್ಲಿ ಅವುಗಳ ಹಳೇ ಹುಳು ತೆಗೆದು ಪ್ರತಿಸಲವೂ ತಾಜಾ ಹುಳು ಇಡುತ್ತಿದ್ದರು. ಅವು ಐದು ದಿನವಾದರೂ ಹುಳುವನ್ನೇ ಹುಡುಕಿಕೊಂಡು ಹೋದವು. ಪಾಪ, ಬಚ್ಚಿಟ್ಟ ಹುಳು ಕೊಳೆಯುತ್ತದೆ ಅನ್ನುವುದನ್ನು ಅವು ಒಮ್ಮೆಯೂ ಕಂಡಿರಲೇ ಇಲ್ಲ. ಜಾತಿ ಒಂದೇ, ಕೊಕ್ಕು ಒಂದೇ. ಉಂಡ ಅನುಭವ ಮಾತ್ರ ಬೇರೆ.

ನಾಳೆ ನಾನು ಮತ್ತೆ ಊರಿಗೆ ಹೊರಟಿದ್ದೇನೆ. ಗೋಡೆಯ ಮೇಲೆ ಅನ್ನ ಇಡಲು ಪಕ್ಕದ ಮನೆಯವರಿಗೆ ಹೇಳಿದ್ದೇನೆ. ಏಳು ಗಂಟೆಗೇ ಇಡಿ ಅಂತ ಎರಡು ಸಲ ಹೇಳಿದೆ.

ನಮಸ್ಕಾರ.